ಇಪ್ಪತ್ತು ವರ್ಷ ಹೊಸದಾದ ಅದೇ ಕಾರು: 1999ರ ಮಿಯಾಟಾದಿಂದ 2019ರ ಮಿಯಾಟಾಕ್ಕೆ

ಹೊಸ ಕಾರು ಮನೆಗೆ ಬಂದ ದಿನ ಹಳೆಯದನ್ನು ಇನ್ನೂ ಮಾರಿರಲಿಲ್ಲವಾದ್ದರಿಂದ, ಎರಡನ್ನೂ ಮನೆಯ ಮುಂದೆ ಅಕ್ಕಪಕ್ಕ ನಿಲ್ಲಿಸಿ ಟೇಪು ಹಿಡಿದು ಅಳೆದು ನೋಡಿದೆ. ಹೊಸದು ಹಳೆಯದಕ್ಕಿಂತ ಸುಮಾರು ಮೂರು ಸೆಂಟಿಮೀಟರ್ ಗಿಡ್ಡವಾಗಿತ್ತು. ಒಂದೇ ಹೆಸರಿನ ಕಾರುಗಳು ಒಂದೊಂದು ಪೀಳಿಗೆಗೂ ಒಂದೊಂದು ಸುತ್ತು ದಪ್ಪವಾಗುತ್ತ, ಸೆಡಾನುಗಳೆಲ್ಲ ಲಾರಿಯ ಗಾತ್ರಕ್ಕೆ ಬಂದು ನಿಂತಿರುವ ಈ ಕಾಲದಲ್ಲಿ, ಇಪ್ಪತ್ತು ವರ್ಷಗಳ ಅಂತರದಲ್ಲಿ ಉದ್ದ ಕಡಿಮೆಯಾದ ಕಾರು ಒಂದಿದೆಯೆಂದರೆ ಅದರ ಹಿಂದೆ ಯಾರೋ ಹಟ ಹಿಡಿದು ಕೂತಿದ್ದಾರೆಂದೇ ಅರ್ಥ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಬಹುಪಾಲು ಆ ಹಟದ ಬಗ್ಗೆ, ಮತ್ತು ಅದು ಎಲ್ಲಿ ಸ್ವಲ್ಪ ಸಡಿಲಗೊಂಡಿದೆ ಎಂಬುದರ ಬಗ್ಗೆ.

ಮಜ್ದಾ ಕಂಪನಿ ಭಾರತದಲ್ಲಿ ಕಾರು ಮಾರುವುದಿಲ್ಲವಾದ್ದರಿಂದ ಕರ್ನಾಟಕದಲ್ಲಿರುವ ಅನೇಕರು ಈ ಗಾಡಿಯನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಅವರಿಗಾಗಿ ಎರಡು ಮಾತು. ಮಿಯಾಟಾ ಎಂದು ಅಮೆರಿಕದಲ್ಲಿ ಕರೆಯುವ, ಜಪಾನಿನಲ್ಲಿ ರೋಡ್‌ಸ್ಟರ್, ಉಳಿದೆಡೆ ಎಂಎಕ್ಸ್-5 ಎಂಬ ಹೆಸರಿರುವ ಈ ಕಾರು 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಎರಡೇ ಸೀಟು, ಮುಂದೆ ಇಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಕೈಯಿಂದ ತೆರೆದು ಮುಚ್ಚಬಹುದಾದ ಬಟ್ಟೆಯ ಟಾಪು: ಅರವತ್ತರ ದಶಕದ ಬ್ರಿಟಿಷ್ ರೋಡ್‌ಸ್ಟರುಗಳ ಈ ಹಳೆಯ ಸೂತ್ರವನ್ನೇ ಇಟ್ಟುಕೊಂಡು, ಆದರೆ ಎಣ್ಣೆ ಸೋರದ ಮತ್ತು ಬೆಳಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಒಂದು ಗಾಡಿಯನ್ನು ಹಿರೋಷಿಮಾದ ಕಾರ್ಖಾನೆಯಲ್ಲಿ ಮಾಡಿ ತೋರಿಸಿದರು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಈವರೆಗೆ ನಾಲ್ಕು ಪೀಳಿಗೆಗಳು ಬಂದಿವೆ. ಅಭಿಮಾನಿಗಳು ಅವುಗಳನ್ನು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಎಂಬ ಕಂಪನಿಯ ಸಂಕೇತಾಕ್ಷರಗಳಿಂದಲೇ ಕರೆಯುತ್ತಾರೆ. ನನ್ನ ಹಳೆಯದು ಎರಡನೆಯ ಪೀಳಿಗೆಯ ಎನ್‌ಬಿ, ಹೊಸದು ನಾಲ್ಕನೆಯ ಪೀಳಿಗೆಯ ಎನ್‌ಡಿ.

ಎನ್‌ಬಿಯನ್ನು ನಾನು 2008ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಕೆಲಸಕ್ಕೆ ಬಂದ ಎರಡನೆಯ ವರ್ಷ, ಐದೂವರೆ ಸಾವಿರ ಡಾಲರಿಗೆ ಕೊಂಡಿದ್ದೆ. 1.8 ಲೀಟರ್ ಇಂಜಿನ್, 140 ಅಶ್ವಶಕ್ತಿ, ಐದು ಗೇರು. ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಇರಲಿಲ್ಲ, ಕ್ರೂಸ್ ಕಂಟ್ರೋಲ್ ಇರಲಿಲ್ಲ, ನಾನು ಕೊಂಡಾಗ ಕ್ಯಾಸೆಟ್ ಪ್ಲೇಯರಿನ ಬಾಯಲ್ಲಿ ಯಾರದ್ದೋ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿತ್ತು. ಹದಿನಾಲ್ಕು ವರ್ಷ ಅದು ನನ್ನ ಬಳಿ ಇತ್ತು. ಮಾರುವ ಯೋಚನೆ ಬಂದದ್ದು ಅದು ಕೈಕೊಟ್ಟಿತೆಂದಲ್ಲ. ಇಪ್ಪತ್ತು ದಾಟಿದ ಕಾರಿನಲ್ಲಿ ರಬ್ಬರಿನದ್ದು ಎನ್ನುವುದೆಲ್ಲ ಒಂದೊಂದಾಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಅದು ಯಾವ ಕಾರಿಗೂ ತಪ್ಪಿದ್ದಲ್ಲ. ಅದಕ್ಕೆ ಶನಿವಾರಗಳನ್ನು ಕೊಡುವುದು ಮೊದಲು ಇಷ್ಟದ ಕೆಲಸವಾಗಿತ್ತು, ಮಗಳು ಹುಟ್ಟಿದ ಮೇಲೆ ಆ ಶನಿವಾರಗಳು ನನ್ನವಾಗಿ ಉಳಿಯಲಿಲ್ಲ. ಜೊತೆಗೆ ಹೆದ್ದಾರಿಯಲ್ಲಿ ಅಕ್ಕಪಕ್ಕದ ಪಿಕಪ್ ಲಾರಿಗಳ ಚಕ್ರದ ನಟ್ಟು ನನ್ನ ಕಿವಿಯ ಎತ್ತರಕ್ಕೆ ಬರುತ್ತಿದ್ದುದನ್ನು ಮೊದಲು ತಮಾಷೆಯಾಗಿ ನೋಡುತ್ತಿದ್ದವನು, ಆಮೇಲೆ ಹಾಗೆ ನೋಡದಾದೆ.

ಕೊಳ್ಳುವ ಪ್ರಸಂಗವನ್ನು ಬೇಗ ಮುಗಿಸುತ್ತೇನೆ. 2022ರಲ್ಲಿ ಕಾರುಗಳ ಕೊರತೆಯಿದ್ದ ಕಾಲ. ಹೊಸ ಗಾಡಿಯನ್ನೇ ಕೊಳ್ಳೋಣವೆಂದು ಹೋದ ಮಾರಾಟ ಮಳಿಗೆಯೊಂದರಲ್ಲಿ ಕಂಪನಿಯ ಬೆಲೆಯ ಮೇಲೆ ‘ಮಾರುಕಟ್ಟೆ ಹೊಂದಾಣಿಕೆ’ ಎಂಬ ಶೀರ್ಷಿಕೆಯಡಿ ಐದು ಸಾವಿರ ಡಾಲರ್ ಸೇರಿಸಿ, ಅದಕ್ಕೆ ಸಮಜಾಯಿಷಿಯಾಗಿ ಚಕ್ರಗಳಿಗೆ ನೈಟ್ರೋಜನ್ ತುಂಬಿದ್ದೇವೆ ಎಂದರು. ನಾನು ಎದ್ದು ಬಂದೆ. ಎರಡು ತಿಂಗಳ ನಂತರ, 2019ರ ಮಾದರಿಯ, ಕ್ಲಬ್ ದರ್ಜೆಯ, ಆರು ಗೇರಿನ ಒಂದು ಎನ್‌ಡಿ ಖಾಸಗಿ ಮಾಲೀಕರೊಬ್ಬರಿಂದ 27,000 ಡಾಲರಿಗೆ ಸಿಕ್ಕಿತು. ಬಣ್ಣ ಬೂದು. ಕೆಂಪು ಸಿಗಲಿಲ್ಲ ಎಂಬ ಕೊರಗು ಇನ್ನೂ ಇದೆ.

2019 ಎಂಬ ಇಸವಿಯನ್ನು ನಾನು ಬೇಕೆಂದೇ ಹಿಡಿದಿದ್ದೆ, ಏಕೆಂದರೆ ಎನ್‌ಡಿ ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದೇ. ಅಮೆರಿಕದಲ್ಲಿ 2016ರ ಮಾದರಿಯಾಗಿ ಬಂದ ಮೊದಲ ಎನ್‌ಡಿಯ ಎರಡು ಲೀಟರ್ ಇಂಜಿನ್ನಿಗೆ 155 ಅಶ್ವಶಕ್ತಿಯಿತ್ತು, ಮತ್ತು ಅದರ ಸುತ್ತುವ ಮಿತಿ ನಿಮಿಷಕ್ಕೆ 6,800 ಇತ್ತು. 2019ರಲ್ಲಿ ಅದೇ ಇಂಜಿನ್ನಿನ ಒಳಗನ್ನು ಮತ್ತೆ ತಿದ್ದಿದರು: ಪಿಸ್ಟನ್ ಒಂದೊಂದರಿಂದ 27 ಗ್ರಾಂ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಒಂದೊಂದರಿಂದ 41 ಗ್ರಾಂ ತೂಕ ಇಳಿಸಿದರು, ಗಾಳಿ ಒಳಬರುವ ದಾರಿಯನ್ನು ಅಗಲಿಸಿದರು. ಫಲವಾಗಿ ಶಕ್ತಿ 181 ಅಶ್ವಶಕ್ತಿಗೆ ಏರಿತು, ಸುತ್ತುವ ಮಿತಿ 7,500ಕ್ಕೆ ಹೋಯಿತು. ಗ್ರಾಂ ಲೆಕ್ಕದಲ್ಲಿ ಉಳಿಸಿದ್ದಕ್ಕೆ ಇಷ್ಟು ಫಲವೇ ಎಂದು ಕೇಳಬಹುದು. ನಿಮಿಷಕ್ಕೆ ಏಳು ಸಾವಿರ ಸಲ ಮೇಲೆ ಹೋಗಿ ಕೆಳಗೆ ಬರುವ ವಸ್ತುವಿನಲ್ಲಿ ಗ್ರಾಮೇ ದೊಡ್ಡದು. ಅದೇ ವರ್ಷದಿಂದ ಸ್ಟೀರಿಂಗ್ ಚಕ್ರವನ್ನು ಎದೆಯ ಕಡೆಗೆ ಎಳೆದುಕೊಳ್ಳುವ ಅನುಕೂಲವೂ ಬಂತು. ಕಾಗದದ ಮೇಲೆ ಇದು ಸಣ್ಣ ಸಂಗತಿ. ಉದ್ದ ಕಾಲಿನವರಿಗೆ ಕಾರು ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದೇ ಇದು. ಹಳೆಯ ಎನ್‌ಬಿಯ ಸ್ಟೀರಿಂಗ್ ಮೇಲೆ ಕೆಳಗೆ ಹಿಂದೆ ಮುಂದೆ ಎತ್ತಲೂ ಸರಿಯುತ್ತಿರಲಿಲ್ಲ, ನಾವೇ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಇನ್ನು ತೂಕ. ಹಳೆಯದು ಸುಮಾರು 1,040 ಕೆ.ಜಿ., ಹೊಸದು ಸುಮಾರು 1,060 ಕೆ.ಜಿ. ನಡುವೆ ಪಕ್ಕದ ಏರ್‌ಬ್ಯಾಗುಗಳು, ಎಬಿಎಸ್, ಜಾರುವಾಗ ಕಾರನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ, ಹಿಂಬದಿಯ ಕ್ಯಾಮೆರಾ, ದೊಡ್ಡ ಇಂಜಿನ್, ಹೆಚ್ಚಿನ ಒಂದು ಗೇರು, 17 ಇಂಚಿನ ಚಕ್ರ ಇಷ್ಟೆಲ್ಲ ಸೇರಿಯೂ ಹೆಚ್ಚಿದ್ದು ಎರಡು ಅಕ್ಕಿ ಚೀಲದಷ್ಟು ಮಾತ್ರ. ಬಾನೆಟ್ಟು, ಮುಂದಿನ ಫೆಂಡರು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ. ಸೀಟಿನ ಒಳಗೆ ಸ್ಪ್ರಿಂಗಿನ ಬದಲು ಜಾಲರಿ. ಗ್ಲವ್ ಬಾಕ್ಸನ್ನೇ ತೆಗೆದುಹಾಕಿದ್ದಾರೆ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಈ ಸಂಖ್ಯೆಗಳಿಗೆ ರಸ್ತೆಯಲ್ಲಿ ಏನರ್ಥ ಎಂಬುದನ್ನು ನೋಡಲು ಸ್ಯಾನ್ ಹೊಸೆಯವರಿಗೆ ಮೌಂಟ್ ಹ್ಯಾಮಿಲ್ಟನ್ ರಸ್ತೆಗಿಂತ ಒಳ್ಳೆಯ ಜಾಗವಿಲ್ಲ. ಊರಿನ ಪೂರ್ವಕ್ಕೆ, 1,283 ಮೀಟರ್ ಎತ್ತರದ ಬೆಟ್ಟದ ತಲೆಯ ಮೇಲೆ ಲಿಕ್ ಖಗೋಳ ವೀಕ್ಷಣಾಲಯವಿದೆ. ಅದಕ್ಕಾಗಿ 1876ರಲ್ಲಿ ಹಾಸಿದ ಈ ರಸ್ತೆಯಲ್ಲಿ ಸಾಮಾನೆಲ್ಲ ಕುದುರೆಗಾಡಿಯ ಮೇಲೆ ಹೋಗಬೇಕಿತ್ತಾದ್ದರಿಂದ, ಏರನ್ನು ಎಲ್ಲಿಯೂ ಕಡಿದಾಗಿಸದೆ ಸುತ್ತಿಸಿ ಸುತ್ತಿಸಿ ಕೊಂಡೊಯ್ದಿದ್ದಾರೆ. ಕುದುರೆಗೆ ಕನಿಕರ ತೋರಿಸಿ ಹಾಕಿದ ತಿರುವುಗಳು ಇಂದು ನಮ್ಮಂಥವರ ಭಾಗ್ಯವಾಗಿವೆ. ಆಗುಂಬೆ ಘಾಟಿಯ ಬಸ್ಸುಗಳಲ್ಲಿ ಕಿಟಕಿಯ ಸರಳು ಹಿಡಿದು ಬೆಳೆದ ನನಗೆ ಇದು ಸೌಮ್ಯವಾದ ಘಾಟಿ. ಕಾಡಿಲ್ಲ, ಜಿಗಣೆಯಿಲ್ಲ, ಒಣಹುಲ್ಲಿನ ಗುಡ್ಡಗಳ ನಡುವೆ ಮೇಯುವ ದನಗಳು ಮಾತ್ರ ಇವೆ. ಆದರೆ ಒಂದರ ಬಾಲ ಹಿಡಿದು ಇನ್ನೊಂದು ಬರುವ ಇಂಥ ತಿರುವುಗಳಲ್ಲಿ ಕಾರಿನ ಗುಣ ಅಡಗಿ ಕೂರಲಾರದು.

ಎನ್‌ಬಿಯಲ್ಲಿ ಈ ಬೆಟ್ಟ ಹತ್ತುವುದೆಂದರೆ ಎರಡನೆಯ ಮತ್ತು ಮೂರನೆಯ ಗೇರಿನ ನಡುವೆ ಬಲಗೈಗೆ ಬಿಡುವಿಲ್ಲದ ಕೆಲಸ. ಅದರ ಇಂಜಿನ್ನಿಗೆ ಜೀವ ಬರುವುದು ಐದು ಸಾವಿರ ಸುತ್ತಿನ ಮೇಲೆ. ತಿರುವಿನಿಂದ ಹೊರಬರುವಾಗ ಗೇರು ತಪ್ಪಿತೋ, ಮುಂದಿನ ತಿರುವಿನವರೆಗೆ ನಿಟ್ಟುಸಿರು ಬಿಡುತ್ತ ಏರಬೇಕು. ಎನ್‌ಡಿಯ ಎಳೆತ ನಾಲ್ಕು ಸಾವಿರದಲ್ಲೇ ತನ್ನ ತುದಿಯಲ್ಲಿರುತ್ತದೆ, ಹಾಗಾಗಿ ಹಳೆಯದರಲ್ಲಿ ಎರಡನೆಯ ಗೇರು ಬೇಡುತ್ತಿದ್ದ ತಿರುವುಗಳಲ್ಲಿ ಇದು ಮೂರರಲ್ಲೇ ಸಲೀಸಾಗಿ ಎದ್ದುಬರುತ್ತದೆ. ಹಾಗೆಂದು ಸೋಮಾರಿಯಾಗಲು ಬಿಡುವುದಿಲ್ಲ. ಏಳು ಸಾವಿರದ ಆಚೆಗೂ ಉಸಿರು ಉಳಿಸಿಕೊಂಡು ಕೂಗುತ್ತ ಹೋಗುವ ಇಂಜಿನ್ನಿದು, ಕಾಲು ಎತ್ತಲು ಮನಸ್ಸಾಗುವುದಿಲ್ಲ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ., ವೇಗಕ್ಕೆ ಹೋಗಲು ಹಳೆಯದಕ್ಕೆ ಎಂಟು ಸೆಕೆಂಡಿನ ಆಸುಪಾಸು, ಹೊಸದಕ್ಕೆ ಆರರ ಆಸುಪಾಸು. ಇಂದಿನ ವಿದ್ಯುತ್ ಕಾರುಗಳ ಮುಂದೆ ಇದು ಹೇಳಿಕೊಳ್ಳುವ ವೇಗವಲ್ಲ. ವೇಗಕ್ಕಾಗಿ ಈ ಕಾರು ಕೊಳ್ಳುವವರಿಗೆ ನನ್ನ ಸಲಹೆ, ದಯವಿಟ್ಟು ಬೇಡ.

ಗೇರಿನ ಕೋಲಿನ ಬಗ್ಗೆ ಒಂದು ಇಡೀ ಪುಟ ಬರೆಯಬಹುದು. ಎನ್‌ಬಿಯ ಗೇರು ಹಾಕುವುದೆಂದರೆ ಹಳೆಯ ಬಾಗಿಲಿನ ಹಿತ್ತಾಳೆ ಅಗುಳಿ ಸರಿಸಿದಂತೆ, ಸಣ್ಣ ದಾರಿ, ಕೊನೆಯಲ್ಲಿ ಒಂದು ಸ್ಪಷ್ಟ ಟಕ್. ಹೊಸದರಲ್ಲಿ ಇದನ್ನು ಕೆಡಿಸಿರುತ್ತಾರೆಂದೇ ನಾನು ನಂಬಿದ್ದೆ. ಕೆಡಿಸಿಲ್ಲ. ದಾರಿ ಅಷ್ಟೇ ಸಣ್ಣದು, ಟಕ್ ಎನ್ನುವುದು ಸ್ವಲ್ಪ ಮೆತ್ತಗಾಗಿದೆ, ಅಗುಳಿಗೆ ಎಣ್ಣೆ ಬಿಟ್ಟ ಹಾಗೆ. ಬೆರಳ ತುದಿಯಿಂದ ಎರಡರಿಂದ ಮೂರಕ್ಕೆ ನೂಕಿದರೆ ಅದು ತಾನಾಗಿಯೇ ಒಳಗೆ ಬೀಳುತ್ತದೆ. ಕ್ಲಚ್ಚು ಹಳೆಯದಕ್ಕಿಂತ ಹಗುರ. ಮೊದಲ ವಾರ ಸಿಗ್ನಲುಗಳಲ್ಲಿ ಎರಡು ಸಲ ಗಾಡಿ ಆಫ್ ಮಾಡಿಕೊಂಡು ಹಿಂದಿನವರಿಂದ ಹಾರ್ನು ಹೊಡೆಸಿಕೊಂಡೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹಟ ಸಡಿಲಗೊಂಡಿದೆ ಎಂದೆನಲ್ಲ, ಅದು ಸ್ಟೀರಿಂಗಿನಲ್ಲಿ. ಎನ್‌ಬಿಯದ್ದು ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪಿನ, ಎಣ್ಣೆಯ ಒತ್ತಡದ ಸ್ಟೀರಿಂಗು. ಡಾಂಬರಿನ ಮೇಲೆ ಮರಳು ಹರಡಿದ್ದರೆ, ರಸ್ತೆ ಒದ್ದೆಯಾಗಿದ್ದರೆ, ಮುಂದಿನ ಚಕ್ರ ಹಿಡಿತ ಬಿಡಲು ಇನ್ನೇನು ಅರ್ಧ ಗೇಣು ಉಳಿದಿದ್ದರೆ, ಅದೆಲ್ಲ ಅಂಗೈಗೆ ಮೊದಲು ಗೊತ್ತಾಗಿ ಆಮೇಲೆ ತಲೆಗೆ ಗೊತ್ತಾಗುತ್ತಿತ್ತು. ಎನ್‌ಡಿಯದ್ದು ವಿದ್ಯುತ್ ಮೋಟರಿನ ನೆರವಿನದ್ದು. ಚುರುಕು ಹೆಚ್ಚು, ನಿಖರತೆ ಹೆಚ್ಚು, ತಿರುಗಿಸಿದಷ್ಟೇ ತಿರುಗುತ್ತದೆ. ಆದರೆ ರಸ್ತೆಯ ಸುದ್ದಿಯನ್ನು ಸೋಸಿ, ಸಂಕ್ಷೇಪಿಸಿ ಕೊಡುತ್ತದೆ. ಬೆಟ್ಟದ ಅರ್ಧ ದಾರಿಯಲ್ಲಿ ದನಗಳು ದಾಟದಂತೆ ರಸ್ತೆಗೆ ಅಡ್ಡಲಾಗಿ ಕೂರಿಸಿದ ಕಬ್ಬಿಣದ ಸರಳುಗಳ ಮೇಲೆ ಹಾಯುವಾಗ ಎನ್‌ಬಿಯಲ್ಲಿ ಒಂದೊಂದು ಸರಳನ್ನೂ ಬೆರಳಲ್ಲಿ ಎಣಿಸಬಹುದಿತ್ತು. ಎನ್‌ಡಿಯಲ್ಲಿ ಒಟ್ಟಾರೆ ಒಂದು ಗಡಗಡ. ಎರಡು ವರ್ಷದ ನಂತರ ನನಗೆ ಇದು ರೂಢಿಯಾಗಿದೆ, ಆದರೆ ರೂಢಿಯಾಗುವುದು ಬೇರೆ, ಮರೆಯುವುದು ಬೇರೆ.

ಇನ್ನೊಂದು ಸಂಗತಿಯನ್ನು ಮೊದಲ ಸಲ ಓಡಿಸುವವರು ದೋಷವೆಂದೇ ತಿಳಿಯುತ್ತಾರೆ: ಈ ಕಾರು ತಿರುವಿನಲ್ಲಿ ಮೈ ವಾಲಿಸುತ್ತದೆ. ಕ್ಲಬ್ ದರ್ಜೆಯ ಗಾಡಿಗೆ ಬಿಲ್‌ಸ್ಟೀನ್ ಶಾಕ್ ಅಬ್ಸಾರ್ಬರುಗಳೂ, ಹಿಂದಿನ ಒಂದು ಚಕ್ರ ಜಾರಿದರೂ ಶಕ್ತಿಯೆಲ್ಲ ಅದಕ್ಕೇ ಹೋಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲೂ ಇದ್ದರೂ ವಾಲುವುದು ತಪ್ಪುವುದಿಲ್ಲ. ಬೇರೆ ಕಂಪನಿಗಳು ಸ್ಪೋರ್ಟ್ಸ್ ಕಾರೆಂದರೆ ಹಲಗೆಯಷ್ಟು ಬಿರುಸಾಗಿರಬೇಕೆಂದು ತಿಳಿದಿರುವಾಗ, ಇವರು ಮೆದುವಾದ ಸ್ಪ್ರಿಂಗುಗಳನ್ನು ಇಟ್ಟು, ನಿಧಾನ ವೇಗದಲ್ಲೂ ಚಾಲಕನಿಗೆ ಭಾರ ಎತ್ತ ಸರಿಯುತ್ತಿದೆಯೆಂದು ತಿಳಿಯಲಿ ಎಂದು ಹಾಗೆ ಮಾಡಿದ್ದಾರೆ. ಕುದುರೆಯೂ ಸವಾರನೂ ಒಂದೇ ಜೀವವಾಗುವುದಕ್ಕೆ ಜಪಾನೀ ಭಾಷೆಯಲ್ಲಿ ‘ಜಿಂಬಾ ಇತ್ತಾಯಿ’ ಎನ್ನುತ್ತಾರೆ. ಕಂಪನಿ ಆ ಮಾತನ್ನು ಜಾಹೀರಾತಿನಲ್ಲಿ ಸವೆಯುವಷ್ಟು ಬಳಸಿದೆಯಾದರೂ, ಕುದುರೆಗಳಿಗಾಗಿ ಹಾಕಿದ ಆ ರಸ್ತೆಯ ಮೇಲೆ ಅದು ಬರಿಯ ಜಾಹೀರಾತೆಂದು ನನಗೆ ಅನಿಸಲಿಲ್ಲ. ಸ್ಟೀರಿಂಗಿನಲ್ಲಿ ಕಳೆದುಹೋದ ಸುದ್ದಿಯ ಒಂದಷ್ಟು ಭಾಗ ಹೀಗೆ ಸೊಂಟದ ಮೂಲಕ ಬಂದು ತಲುಪುತ್ತದೆ.

ಹೆದ್ದಾರಿಯಲ್ಲಿ ಎರಡು ಕಾರುಗಳಿಗೂ ಹೋಲಿಕೆಯೇ ಇಲ್ಲ. ಗಂಟೆಗೆ 70 ಮೈಲಿಯಲ್ಲಿ ಹಳೆಯದು ಐದನೆಯ ಗೇರಿನಲ್ಲಿ ಸುಮಾರು 3,600 ಸುತ್ತು ತಿರುಗುತ್ತಿತ್ತು. ಲಾಸ್ ಏಂಜಲೀಸಿಗೆ ಹೋಗಿ ಇಳಿದರೆ ರಾತ್ರಿಯಿಡೀ ಕಿವಿಯಲ್ಲಿ ಜೀರುಂಡೆ. ಹೊಸದು ಆರನೆಯ ಗೇರಿನಲ್ಲಿ ಅದೇ ವೇಗಕ್ಕೆ ಸುಮಾರು 2,800. ನನ್ನ ಲೆಕ್ಕದ ಪುಸ್ತಕದಂತೆ ಮೈಲೇಜು ಲೀಟರಿಗೆ ಹತ್ತೂವರೆ ಕಿ.ಮೀ.ಯಿಂದ ಹದಿಮೂರಕ್ಕೆ ಏರಿದೆ, ಆದರೆ ಹೊಸ ಇಂಜಿನ್ನಿಗೆ ದುಬಾರಿ ಪ್ರೀಮಿಯಂ ಪೆಟ್ರೋಲನ್ನೇ ಹಾಕಿರೆಂದು ಶಿಫಾರಸು ಇರುವುದರಿಂದ ಉಳಿತಾಯ ಅಷ್ಟಕ್ಕಷ್ಟೇ. ಟಾಪು ಮುಚ್ಚಿದಾಗ ಗದ್ದಲ ಹಳೆಯದಕ್ಕಿಂತ ಕಡಿಮೆ, ಆದರೂ ಫೋನಿನಲ್ಲಿ ಅಮ್ಮ ‘ಎಲ್ಲಿದ್ದೀಯೋ, ಗಿರಣಿಯಲ್ಲಾ?’ ಎಂದು ಕೇಳುವುದು ನಿಂತಿಲ್ಲ.

ಟಾಪಿನ ವಿಷಯದಲ್ಲಿ ಹೊಸದಕ್ಕೆ ಪೂರ್ತಿ ಅಂಕ. ಹಳೆಯದರಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಂಡಿ. ತೆಗೆಯುವುದು ಸುಲಭ, ಮುಚ್ಚುವಾಗ ಭುಜಕ್ಕೆ ತ್ರಾಸ. ಹೊಸದರಲ್ಲಿ ನಡುವೆ ಒಂದೇ ಕೊಂಡಿ. ಅದನ್ನು ಬಿಚ್ಚಿ, ಕೂತಲ್ಲಿಂದಲೇ ಒಂದು ಕೈಯಿಂದ ಹಿಂದಕ್ಕೆ ಮಡಚಿ ಒತ್ತಿದರೆ ಆಯಿತು. ಮತ್ತೆ ಎಳೆದುಕೊಳ್ಳುವುದೂ ಅಷ್ಟೇ ಹಗುರ. ಕೆಂಪು ದೀಪ ಹಸಿರಾಗುವುದರೊಳಗೆ ಎರಡೂ ಆಗುತ್ತದೆ. ಮೋಟರಿನಿಂದ ತೆರೆಯುವ ಗಟ್ಟಿ ಟಾಪಿನ ಆರ್‌ಎಫ್ ಎಂಬ ಮಾದರಿಯೂ ಇದೆ, ನೋಡಲು ಚೆಂದ; ಐವತ್ತು ಕೆ.ಜಿ.ಯ ಆಸುಪಾಸು ಹೆಚ್ಚಿನ ತೂಕ ಹೊತ್ತು ಆ ಚೆಂದ ನನಗೆ ಬೇಡವಾಯಿತು.

ಈಗ ದೂರುಗಳು. ಗ್ಲವ್ ಬಾಕ್ಸ್ ಇಲ್ಲ. ಕಾಗದಪತ್ರ ಇಡಲು ಎರಡು ಸೀಟುಗಳ ನಡುವೆ, ಬೆನ್ನ ಹಿಂದೆ ಒಂದು ಡಬ್ಬಿಯಿದೆ. ಪೊಲೀಸರು ತಡೆದಾಗ ಅದರೊಳಗೆ ಕೈಹಾಕಿ ತಡಕಾಡುವುದು ಈ ದೇಶದಲ್ಲಿ ಬುದ್ಧಿವಂತಿಕೆಯಲ್ಲ. ಲೋಟ ಇಡುವ ಬಳೆಗಳು ಮೊಣಕೈಯ ಹಿಂದೆ ಇವೆ, ಕಾಫಿ ತೆಗೆದುಕೊಳ್ಳಲು ತೋಳು ತಿರುಚಬೇಕು. ಡಿಕ್ಕಿ 130 ಲೀಟರ್, ಹಳೆಯದರದ್ದು 144. ಆದರೆ ಹಳೆಯ ಡಿಕ್ಕಿಯ ನೆಲದಡಿ ಬ್ಯಾಟರಿಯೂ ಸ್ಟೆಪ್ನಿಯೂ ಜಾಗ ತಿನ್ನುತ್ತಿದ್ದವು, ಹೊಸದು ಖಾಲಿಯಾದ ಆಳದ ಗುಂಡಿ. ಇಪ್ಪತ್ತು ಪೌಂಡಿನ ಎರಡು ಸೋನಾ ಮಸೂರಿ ಚೀಲ, ಒಂದು ವಾರದ ತರಕಾರಿ ಹಿಡಿಯುತ್ತದೆ. ಕುಕ್ಕರಿನ ಪೆಟ್ಟಿಗೆ ಮಾತ್ರ ಹಿಡಿಯಲಿಲ್ಲ, ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಕುಕ್ಕರನ್ನು ತಂದೆವು. ಹೊಸದರಲ್ಲಿ ಸ್ಟೆಪ್ನಿಯೇ ಇಲ್ಲ, ಪಂಕ್ಚರಾದರೆ ಅಂಟು ತುಂಬುವ ಒಂದು ಬಾಟಲಿ ಮತ್ತು ಪುಟ್ಟ ಪಂಪು. ಫೋನ್ ಸಿಗ್ನಲ್ ಸಿಗದ ಬೆಟ್ಟದ ರಸ್ತೆಗಳಿಗೆ ಹೋಗುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಪಕ್ಕದ ಸೀಟಿನವರ ಕಾಲ ಬಳಿ ನೆಲ ಉಬ್ಬಿಕೊಂಡಿದೆ. ಪತ್ನಿ ಅದನ್ನು ಕಾಲು ಮಣೆಯೆಂದು ತಿಳಿದು ಸಮಾಧಾನ ಮಾಡಿಕೊಂಡಿದ್ದಾಳೆ. ಡ್ಯಾಶ್‌ಬೋರ್ಡಿನ ಪರದೆ ಕಾರು ಚಲಿಸುವಾಗ ಸ್ಪರ್ಶಕ್ಕೆ ಸ್ಪಂದಿಸುವುದಿಲ್ಲ, ಗೇರಿನ ಹಿಂದಿರುವ ಗುಂಡಿಯನ್ನು ತಿರುಗಿಸಿಯೇ ಎಲ್ಲ ಮಾಡಬೇಕು. ಇದನ್ನು ದೂರಬೇಕೋ ಹೊಗಳಬೇಕೋ ಇನ್ನೂ ತೀರ್ಮಾನಿಸಿಲ್ಲ.

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನನ್ನು ಕೂರಿಸಲು ಹೊರಟಾಗ, ಮೊದಲು ಸೆರಗು ಸುತ್ತಿಕೊಂಡು, ಬಾಗಿಲ ಮೇಲೆ ಕೈಯೂರಿ, ‘ಇದೆಂತ ಮಾರಾಯ, ಊಟಕ್ಕೆ ಮಣೆ ಮೇಲೆ ಕೂತ ಹಾಗಾಯ್ತು’ ಎಂದರು. ಏಳುವಾಗ ನಾನು ಎರಡೂ ಕೈ ಹಿಡಿದು ಎತ್ತಬೇಕಾಯಿತು. ಮಂಡಿನೋವಿರುವವರು ಮನೆಯಲ್ಲಿದ್ದರೆ ಇದೊಂದೇ ಕಾರಾಗಿರಲು ಸಾಧ್ಯವಿಲ್ಲ. ನಮ್ಮಲ್ಲಿ ಮಗಳ ಸೀಟಿಗೆಂದು ಬೇರೊಂದು ಕಾರಿದೆ.

ಖರ್ಚಿನ ಲೆಕ್ಕದಲ್ಲಿ, ಕೊಳ್ಳುವಾಗಿನ ದೊಡ್ಡ ಮೊತ್ತವನ್ನು ಬಿಟ್ಟರೆ, ಎರಡು ವರ್ಷದಲ್ಲಿ ಎಣ್ಣೆ, ಫಿಲ್ಟರುಗಳು ಮತ್ತು ನಾಲ್ಕು ಟೈರು ಮಾತ್ರ. ಹಳೆಯದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಿದ್ದ ಟೈಮಿಂಗ್ ಬೆಲ್ಟಿನ ಜಾಗದಲ್ಲಿ ಇಲ್ಲಿ ಚೈನು ಇದೆ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿರುವ ಹೊಗೆ ತಪಾಸಣೆಯೂ ಎಂಟು ವರ್ಷ ತುಂಬುವವರೆಗೆ ಇದಕ್ಕಿಲ್ಲ. ಎನ್‌ಬಿಯನ್ನು ಒಳ್ಳೆಯ ಸ್ಥಿತಿಯಲ್ಲಿ ಇಟ್ಟುಕೊಂಡಿರುವವರಿಗೆ, ಅದು ವಾರಾಂತ್ಯದ ಕಾರು ಮಾತ್ರ ಆಗಿದ್ದರೆ, ಮಾರಬೇಡಿ ಎಂದೇ ಹೇಳುತ್ತೇನೆ. ಆ ಸ್ಟೀರಿಂಗನ್ನು ಇನ್ನು ಯಾರೂ ಮಾಡಿಕೊಡುವುದಿಲ್ಲ. ದಿನಾ ಕಚೇರಿಗೂ ಹೋಗಬೇಕು, ಹೆದ್ದಾರಿಯಲ್ಲಿ ಬದುಕಿಯೂ ಬರಬೇಕು ಎನ್ನುವವರಿಗೆ 2019 ಅಥವಾ ಅದರ ನಂತರದ ಎನ್‌ಡಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕಾರು.

ಹಳೆಯದನ್ನು ಕೊಂಡವನು ಕಾಲೇಜಿನ ಹುಡುಗ. ಅವನಿಗೆ ಕೀಲಿ ಕೊಡುವ ಮುಂಚೆ ಸೀಟಿನ ಹಿಂದೆ ಬಗ್ಗಿಸಿ, ಟಾಪಿನ ಮೇಲಿನ ಮಳೆನೀರು ಹರಿದುಹೋಗುವ ಎರಡು ರಂಧ್ರಗಳನ್ನು ತೋರಿಸಿದೆ. ಮರದಡಿ ನಿಲ್ಲಿಸಿ, ಅವುಗಳಲ್ಲಿ ಎಲೆ ಕೂತದ್ದನ್ನು ಗಮನಿಸದೆ, ಒಂದು ಮಳೆಗಾಲ ಪೂರ್ತಿ ನೀರು ಒಳಗೆ ನಿಲ್ಲಲು ಬಿಟ್ಟು ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿಸಿಕೊಂಡವನು ನಾನೇ. ಆ ತಪ್ಪು ಅವನಿಂದ ಆಗದಿರಲಿ ಎಂದು ತಂತಿಯ ಬ್ರಷ್ಷನ್ನೂ ಕೊಟ್ಟೆ. ಅವನು ಹೋದ ಮೇಲೆ ಟಾರ್ಚು ಹಿಡಿದು ಹೊಸ ಕಾರಿನ ಹಿಂದೆ ಬಗ್ಗಿ ಹುಡುಕಿದೆ. ರಂಧ್ರಗಳು ಹೆಚ್ಚುಕಡಿಮೆ ಅದೇ ಜಾಗದಲ್ಲಿದ್ದವು, ಬಲಗಡೆಯದರಲ್ಲಿ ಆಗಲೇ ಮೂರು ಎಲೆ ಕೂತಿತ್ತು.